ಟಿವಿಗೆ ‘ಮ್ಯಾಜಿಕ್ ಸೆಟ್ಟಿಂಗ್’ ಇದೆಯೇ? ಫಾರ್ವರ್ಡ್ ಆಗಿ ಬರುವ ನಂಬರ್‌ಗಳು ನಿಮ್ಮ ಟಿವಿಗೆ ಯಾಕೆ ಹೊಂದುವುದಿಲ್ಲ

“ಕಾಂಟ್ರಾಸ್ಟ್ 95, ಬ್ರೈಟ್‌ನೆಸ್ 55, ಶಾರ್ಪ್‌ನೆಸ್ 60, ಕಲರ್ 65. ಇಷ್ಟು ಮಾಡಿ, ನಿಮ್ಮ ಟಿವಿ ಥಿಯೇಟರ್ ಥರ ಕಾಣುತ್ತೆ!” ಈ ಧಾಟಿಯ ಸ್ಕ್ರೀನ್‌ಶಾಟ್‌ಗಳು, ರೀಲ್‌ಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಬರುತ್ತಲೇ ಇರುತ್ತವೆ. ಕೆಲವದರಲ್ಲಿ ಸೆಟ್ಟಿಂಗ್ ಹಾಕುವ ಮುಂಚಿನ ಮತ್ತು ನಂತರದ ಎರಡು ಫೋಟೊಗಳೂ ಇರುತ್ತವೆ. ಇನ್ನು ಕೆಲವು ಒಂದು ಹೆಜ್ಜೆ ಮುಂದೆ ಹೋಗಿ, ರಿಮೋಟ್‌ನಲ್ಲಿ ಒತ್ತಬೇಕಾದ ‘ರಹಸ್ಯ ಕೋಡ್’ ಕೊಡುತ್ತವೆ.

ನಂಬರ್ ಬದಲಿಸಿದರೆ ಏನು ನಷ್ಟ ಎಂದು ಅನ್ನಿಸಬಹುದು. ಸಾಮಾನ್ಯ ಪಿಕ್ಚರ್ ಮೆನುವಿನಲ್ಲಿ ಬದಲಿಸಿದರೆ ದೊಡ್ಡ ನಷ್ಟವೇನಿಲ್ಲ, ರೀಸೆಟ್ ಮಾಡಬಹುದು. ಆದರೆ ರಹಸ್ಯ ಕೋಡ್‌ನ ಕಥೆ ಬೇರೆ. ಅದರಿಂದ ಟಿವಿಯೇ ಕೆಡಬಹುದು. ಅಲ್ಲದೆ, ತಪ್ಪು ಸೆಟ್ಟಿಂಗ್‌ನಿಂದ ಚಿತ್ರ ಕೆಟ್ಟಿರುವುದನ್ನು ‘ಟಿವಿ ಹಳೆಯದಾಯಿತು’ ಎಂದುಕೊಂಡು ಹೊಸದಕ್ಕೆ ದುಡ್ಡು ಸುರಿಯುವವರೂ ಇದ್ದಾರೆ. ಹಾಗಾಗಿ ಈ ಸೆಟ್ಟಿಂಗ್‌ಗಳು ನಿಜವಾಗಿ ಏನು ಮಾಡುತ್ತವೆ, ಮನೆಯಲ್ಲೇ ಖರ್ಚಿಲ್ಲದೆ ಏನು ಸರಿಪಡಿಸಬಹುದು ಎಂಬುದನ್ನು ಇಲ್ಲಿ ನೋಡೋಣ.

ಸಂಕ್ಷಿಪ್ತವಾಗಿ ಹೇಳುವುದಾದರೆ:

• ಎಲ್ಲ ಟಿವಿಗೂ ಹೊಂದುವ ನಂಬರ್‌ಗಳ ಪಟ್ಟಿ ಇಲ್ಲ, ಇರಲು ಸಾಧ್ಯವೂ ಇಲ್ಲ.
• ಹೆಚ್ಚಿನ ಮನೆಗಳಲ್ಲಿ ಪಿಕ್ಚರ್ ಮೋಡ್ ಒಂದನ್ನು ಬದಲಿಸಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುತ್ತದೆ.
• ರಿಮೋಟ್‌ನ ‘ರಹಸ್ಯ ಕೋಡ್’ ಒತ್ತಲೇಬೇಡಿ.

‘ಸರಿಯಾದ ಚಿತ್ರ’ ಎಂದರೆ ಯಾವುದು?

ಚಿತ್ರ ಹೇಗಿರಬೇಕು ಎಂಬುದು ಅವರವರ ಇಷ್ಟ ಎಂದು ನಾವು ಅಂದುಕೊಂಡಿರುತ್ತೇವೆ. ಸ್ವಲ್ಪ ಮಟ್ಟಿಗೆ ಅದು ಹೌದು. ಆದರೆ ಇದಕ್ಕೆ ಒಂದು ಅಳತೆಗೋಲೂ ಇದೆ. ಸಿನಿಮಾ ಅಥವಾ ವೆಬ್ ಸರಣಿ ತಯಾರಾದ ಮೇಲೆ ಕಲರಿಸ್ಟ್ ಎಂಬ ತಂತ್ರಜ್ಞರು ಮಂದ ಬೆಳಕಿನ ಕೋಣೆಯಲ್ಲಿ ಕುಳಿತು ಪ್ರತಿ ದೃಶ್ಯದ ಬಣ್ಣ, ಬೆಳಕು, ನೆರಳನ್ನು ಹದ ಮಾಡುತ್ತಾರೆ. ಅವರ ಮುಂದಿರುವ ಮಾನಿಟರ್ ಅಂತಾರಾಷ್ಟ್ರೀಯ ಮಾನದಂಡಕ್ಕೆ ಹೊಂದಿಸಿದ್ದಾಗಿರುತ್ತದೆ. ಎಚ್‌ಡಿ ಟಿವಿಯ ಬಣ್ಣಗಳಿಗೆ 1990ರಲ್ಲಿ ಬಂದ ‘ಬಿಟಿ.709’ ಎಂಬ ಮಾನದಂಡವಿದೆ. ಬಿಳಿ ಬಣ್ಣ ಎಷ್ಟು ಬಿಳಿ ಎಂಬುದಕ್ಕೆ ‘ಡಿ65’ ಎಂಬ ಗುರುತಿದೆ. ಅದು ಸುಮಾರು 6500 ಕೆಲ್ವಿನ್, ಹಗಲಿನ ಬೆಳಕನ್ನು ಹೋಲುವ ಬಿಳಿ.

ನಿಮ್ಮ ಟಿವಿಯನ್ನು ಆ ಮಾನಿಟರ್‌ಗೆ ಆದಷ್ಟು ಹತ್ತಿರ ತರುವುದಕ್ಕೇ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಹಾಡುಗಾರರು ಶ್ರುತಿ ಕೂಡಿಸಿಕೊಂಡಂತೆ ಇದು. ಚಿತ್ರವನ್ನು ‘ಇನ್ನಷ್ಟು ಚಂದ’ ಮಾಡುವುದು ಇದರ ಗುರಿಯಲ್ಲ. ಮಾಡಿದವರು ತೋರಿಸಬೇಕೆಂದುಕೊಂಡದ್ದನ್ನು ಇದ್ದ ಹಾಗೆ ತೋರಿಸುವುದು ಗುರಿ.

ಒಬ್ಬರ ನಂಬರ್ ಇನ್ನೊಬ್ಬರಿಗೆ ಯಾಕೆ ಆಗುವುದಿಲ್ಲ?

ಮೊದಲ ಕಾರಣ, ಈ ನಂಬರ್‌ಗಳಿಗೆ ಕಿಲೋ, ಲೀಟರ್‌ನಂತೆ ಎಲ್ಲರಿಗೂ ಒಂದೇ ಅಳತೆ ಇಲ್ಲ. ಕೆಲವು ಟಿವಿಗಳಲ್ಲಿ ಕಲರ್ 0ರಿಂದ 100ರವರೆಗೆ ಹೋಗುತ್ತದೆ, ಕೆಲವದರಲ್ಲಿ 50ಕ್ಕೇ ಮುಗಿಯುತ್ತದೆ. ಶಾರ್ಪ್‌ನೆಸ್‌ ವಿಷಯವಂತೂ ಇನ್ನೂ ವಿಚಿತ್ರ. ಕೆಲವು ಕಂಪನಿಗಳ ಟಿವಿಯಲ್ಲಿ 0 ಇಟ್ಟರೆ ಚಿತ್ರ ಇದ್ದ ಹಾಗೆ ಬರುತ್ತದೆ, ಇನ್ನು ಕೆಲವದರಲ್ಲಿ 50 ಇಟ್ಟಾಗ ಇದ್ದ ಹಾಗೆ ಬರುತ್ತದೆ. ಎರಡನೆಯ ಬಗೆಯ ಟಿವಿಯಲ್ಲಿ 0 ಇಟ್ಟರೆ ಚಿತ್ರ ಮಸುಕಾಗುತ್ತದೆ, ಮೊದಲನೆಯದರಲ್ಲಿ 50 ಇಟ್ಟರೆ ಒರಟಾಗುತ್ತದೆ.

ಎರಡನೆಯದು, ಹೆಸರು ಒಂದೇ ಆದರೂ ಕೆಲಸ ಬೇರೆ. ಬಹಳಷ್ಟು ಟಿವಿಗಳಲ್ಲಿ ‘ಬ್ರೈಟ್‌ನೆಸ್’ ಎಂದರೆ ಕಪ್ಪು ಎಷ್ಟು ಕಪ್ಪಾಗಿರಬೇಕು ಎಂಬುದರ ನಿಯಂತ್ರಣ. ಪರದೆಯ ಒಟ್ಟು ಬೆಳಕಿಗೆ ‘ಬ್ಯಾಕ್‌ಲೈಟ್’ ಎಂಬ ಬೇರೆ ಗುಂಡಿ ಇರುತ್ತದೆ. ಆದರೆ ಕೆಲವು ಟಿವಿಗಳಲ್ಲಿ ‘ಬ್ರೈಟ್‌ನೆಸ್’ ಎಂದರೆ ಬ್ಯಾಕ್‌ಲೈಟೇ, ಕಪ್ಪಿಗೆ ‘ಬ್ಲ್ಯಾಕ್ ಲೆವೆಲ್’ ಎಂದಿರುತ್ತದೆ. ಪಟ್ಟಿಯಲ್ಲಿ ‘ಬ್ರೈಟ್‌ನೆಸ್ 55’ ಎಂದು ಬರೆದವರು ಯಾವುದರ ಬಗ್ಗೆ ಹೇಳಿದರು ಎಂದು ತಿಳಿಯುವುದೇ ಇಲ್ಲ.

ಮೂರನೆಯದು, ಒಂದೇ ಮಾಡೆಲ್‌ನ ಎರಡು ಟಿವಿಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ. ತಯಾರಿಕೆಯಲ್ಲಿ ಸಣ್ಣ ವ್ಯತ್ಯಾಸ ಸಹಜ. ಒಮ್ಮೊಮ್ಮೆ ಒಂದೇ ಮಾಡೆಲ್‌ಗೆ ಬೇರೆ ಬೇರೆ ಕಾರ್ಖಾನೆಗಳ ಪ್ಯಾನೆಲ್ ಹಾಕಿರುತ್ತಾರೆ.

ನಾಲ್ಕನೆಯದು ನಿಮ್ಮ ಕೋಣೆ. ದೊಡ್ಡ ಕಿಟಕಿಯ ಹಾಲ್‌ನಲ್ಲಿ ಮಧ್ಯಾಹ್ನ ಕ್ರಿಕೆಟ್ ನೋಡಲು ಬೇಕಾದ ಬೆಳಕು, ರಾತ್ರಿ ದೀಪ ಆರಿಸಿ ಸಿನಿಮಾ ನೋಡುವಾಗ ಕಣ್ಣಿಗೆ ಚುಚ್ಚುತ್ತದೆ. ಫಾರ್ವರ್ಡ್ ಕಳಿಸಿದವರಿಗೆ ನಿಮ್ಮ ಕಿಟಕಿ ಎಲ್ಲಿದೆ ಎಂದು ಗೊತ್ತಿರುವುದಿಲ್ಲ.

‘ಮುಂಚೆ–ನಂತರ’ ಫೋಟೊಗಳನ್ನು ನಂಬಬಹುದೇ?

ಇಲ್ಲ. ಫೋನಿನ ಕ್ಯಾಮೆರಾ ಪ್ರತಿ ಸಲ ಬೆಳಕನ್ನೂ ಬಿಳಿಯ ಛಾಯೆಯನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಅದೇ ಟಿವಿಯ, ಅದೇ ದೃಶ್ಯದ ಎರಡು ಫೋಟೊಗಳು ಬೇರೆ ಬೇರೆಯಾಗಿ ಬರಬಹುದು. ಇನ್ನೂ ಮುಖ್ಯವಾದ ವಿಷಯವಿದೆ. ಆ ಫೋಟೊವನ್ನು ನೀವು ನೋಡುತ್ತಿರುವುದು ನಿಮ್ಮ ಫೋನಿನ ಪರದೆಯಲ್ಲಿ. ಟಿವಿ ಎಷ್ಟೇ ಚೆನ್ನಾಗಿ ತೋರಿಸಲಿ, ನಿಮ್ಮ ಫೋನ್ ತೋರಿಸಬಲ್ಲದ್ದಕ್ಕಿಂತ ಹೆಚ್ಚು ನಿಮಗೆ ಕಾಣುವುದಿಲ್ಲ. ‘ನಂತರ’ ಎಂದಿರುವ ಫೋಟೊ ಚಂದ ಕಂಡರೆ, ಅದನ್ನು ಚಂದವಾಗಿ ತೋರಿಸಿದ ಶ್ರೇಯಸ್ಸಿನ ಪಾಲು ನಿಮ್ಮ ಫೋನಿಗೂ ಸಲ್ಲುತ್ತದೆ.

ಹಾಗಿದ್ದರೂ ಪಟ್ಟಿ ಹಾಕಿದವರು “ನಿಜವಾಗಲೂ ಚೆನ್ನಾಗಾಯ್ತು” ಎನ್ನುತ್ತಾರಲ್ಲ? ಅವರು ಸುಳ್ಳು ಹೇಳುತ್ತಿಲ್ಲ. ಇಂಥ ಪಟ್ಟಿಗಳು ಸಾಮಾನ್ಯವಾಗಿ ಬೆಳಕು, ಬಣ್ಣ ಎರಡನ್ನೂ ಏರಿಸುತ್ತವೆ. ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಹೆಚ್ಚು ಬೆಳಕಿನ ಚಿತ್ರವೇ ಉತ್ತಮ ಎಂದು ನಮಗೆ ಥಟ್ಟನೆ ಅನ್ನಿಸುತ್ತದೆ. ಬಿಳಿ ಅಂಗಿಯ ಮಡಿಕೆ ಕಾಣೆಯಾದದ್ದು, ಮುಖ ಕೆಂಪೇರಿದ್ದು ಗಮನಕ್ಕೆ ಬರುವುದು ಆಮೇಲೆ.

ಅಂಗಡಿಯಲ್ಲಿ ಹೊಳೆದದ್ದು ಮನೆಯಲ್ಲಿ ಯಾಕೆ ಕಣ್ಣಿಗೆ ರಾಚುತ್ತದೆ?

ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಝಗಮಗ ದೀಪಗಳ ಕೆಳಗೆ ಹತ್ತಿಪ್ಪತ್ತು ಟಿವಿಗಳು ಸಾಲಾಗಿ ಇರುವಲ್ಲಿ ಎದ್ದು ಕಾಣಬೇಕಲ್ಲ? ಅದಕ್ಕೇ ‘ವಿವಿಡ್’ ಅಥವಾ ‘ಡೈನಾಮಿಕ್’ ಮೋಡ್ ಇರುವುದು. ಅದರಲ್ಲಿ ಬ್ಯಾಕ್‌ಲೈಟ್ ಪೂರ್ತಿ ಏರಿರುತ್ತದೆ, ಬಿಳಿಗೆ ನೀಲಿ ಛಾಯೆ ಬಂದಿರುತ್ತದೆ, ಹುಲ್ಲು ಪ್ಲಾಸ್ಟಿಕ್‌ನಂತೆ ಹಸಿರಾಗಿರುತ್ತದೆ.

ಹೊಸ ಟಿವಿ ಮೊದಲ ಸಲ ಆನ್ ಮಾಡಿದಾಗ ‘ಹೋಮ್’ ಮೋಡ್ ಬೇಕೋ ‘ಸ್ಟೋರ್’ ಮೋಡ್ ಬೇಕೋ ಎಂದು ಕೇಳುತ್ತದೆ. ಅವಸರದಲ್ಲಿ ‘ಸ್ಟೋರ್’ ಅಥವಾ ‘ರಿಟೇಲ್’ ಒತ್ತಿಬಿಟ್ಟರೆ, ನೀವು ಎಷ್ಟು ಸಲ ಸೆಟ್ಟಿಂಗ್ ಬದಲಿಸಿದರೂ ಸ್ವಲ್ಪ ಹೊತ್ತಿಗೆ ಅದು ಮತ್ತೆ ಝಗಮಗಕ್ಕೆ ಮರಳಬಹುದು. ಪರದೆಯ ಮೇಲೆ ಆಗಾಗ ಜಾಹೀರಾತಿನ ಪಟ್ಟಿ ಬರುತ್ತಿದ್ದರೆ ಮೊದಲು ಇದನ್ನೇ ನೋಡಿ. ಮೆನುವಿನಲ್ಲಿ ‘ಹೋಮ್’ಗೆ ಬದಲಿಸಿದರೆ ಸಾಕು, ರಿಪೇರಿಯವರು ಬೇಕಿಲ್ಲ.

ಎಲ್‌ಸಿಡಿ, ಎಲ್‌ಇಡಿ ಟಿವಿಗಳಲ್ಲಿ ವಿದ್ಯುತ್ತಿನ ದೊಡ್ಡ ಪಾಲು ಹೋಗುವುದು ಬ್ಯಾಕ್‌ಲೈಟ್‌ಗೆ. ಅದನ್ನು ಕೋಣೆಗೆ ಬೇಕಾದಷ್ಟಕ್ಕೆ ಇಳಿಸಿದರೆ ಕರೆಂಟ್ ಬಿಲ್‌ಗೂ ಒಳ್ಳೆಯದು.

‘ವಾರ್ಮ್’ ಹಾಕಿದರೆ ಚಿತ್ರ ಹಳದಿ ಆಗುತ್ತದೆಯೇ?

ಸಿನಿಮಾ ಮೋಡ್ ಹಾಕಿದ ಕೂಡಲೇ ಬಹಳ ಮಂದಿ “ಅಯ್ಯೋ, ಹಳದಿ ಬಂತು” ಎಂದು ವಾಪಸ್ ಹೋಗುತ್ತಾರೆ. ಇಲ್ಲಿ ತಮಾಷೆ ಇರುವುದು ಟಿವಿಯಲ್ಲಲ್ಲ, ನಮ್ಮ ಕಣ್ಣಿನಲ್ಲಿ. ಕಣ್ಣು ಮತ್ತು ಮಿದುಳು ಸುತ್ತಲಿನ ಬೆಳಕಿಗೆ ಹೊಂದಿಕೊಂಡು, ನೋಡಿ ರೂಢಿಯಾದದ್ದನ್ನೇ ‘ಬಿಳಿ’ ಎಂದು ಒಪ್ಪಿಕೊಳ್ಳುತ್ತವೆ. ವರ್ಷಗಟ್ಟಲೆ ನೀಲಿ ಮಿಶ್ರಿತ ಬಿಳಿ ನೋಡಿದವರಿಗೆ ಮಾನದಂಡದ ಬಿಳಿ ಹಳದಿಯಾಗಿ ಕಾಣುತ್ತದೆ.

ನಿಮ್ಮ ಮನೆಯ ಎಲ್‌ಇಡಿ ಬಲ್ಬ್‌ನ ಡಬ್ಬಿ ನೋಡಿ. ನಮ್ಮ ಕಡೆ ಹೆಚ್ಚಾಗಿ ಮಾರಾಟವಾಗುವ ‘ಕೂಲ್ ಡೇಲೈಟ್’ ಬಲ್ಬ್ ಮೇಲೆ 6500 ಕೆಲ್ವಿನ್ ಎಂದು ಬರೆದಿರುತ್ತದೆ. ‘ವಾರ್ಮ್’ ಆಯ್ಕೆಯ ಟಿವಿ ಗುರಿ ಇಟ್ಟುಕೊಂಡಿರುವುದೂ ಹೆಚ್ಚುಕಡಿಮೆ ಇದೇ ಬಿಳಿಯನ್ನು. ಟ್ಯೂಬ್‌ಲೈಟ್‌ನ ಬೆಳಕನ್ನು ನಾವು ಯಾರೂ ಹಳದಿ ಎನ್ನುವುದಿಲ್ಲವಲ್ಲ! ಮೂರ್ನಾಲ್ಕು ದಿನ ‘ವಾರ್ಮ್’ನಲ್ಲೇ ನೋಡಿ, ಆಮೇಲೆ ‘ಕೂಲ್’ಗೆ ಹೋಗಿ ನೋಡಿ. ಆಗ ಅದು ನೀಲಿಯಾಗಿ ಕಂಡರೆ ಆಶ್ಚರ್ಯ ಪಡಬೇಡಿ.

ಮನೆಯಲ್ಲೇ ಹತ್ತು ನಿಮಿಷದಲ್ಲಿ ಏನು ಮಾಡಬಹುದು?

ಶುರು ಮಾಡುವ ಮುಂಚೆ ಈಗಿರುವ ಸೆಟ್ಟಿಂಗ್‌ಗಳ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಇಷ್ಟವಾಗದಿದ್ದರೆ ಹಿಂದಕ್ಕೆ ಹೋಗಬಹುದು.

1. ಪಿಕ್ಚರ್ ಮೋಡ್: ‘ಮೂವಿ’, ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಆಯ್ಕೆ ಮಾಡಿ. ಮಾನದಂಡಕ್ಕೆ ಹತ್ತಿರವಾಗುವಂತೆ ಕಂಪನಿಯೇ ಹೊಂದಿಸಿದ ಮೋಡ್ ಸಾಮಾನ್ಯವಾಗಿ ಇದೇ.

2. ಬ್ಯಾಕ್‌ಲೈಟ್: ನೀವು ಟಿವಿ ನೋಡುವ ಹೊತ್ತಿನಲ್ಲಿ ಕೋಣೆ ಹೇಗಿರುತ್ತದೋ ಹಾಗೇ ಇಟ್ಟುಕೊಂಡು, ಕಣ್ಣಿಗೆ ಹಿತವಾಗುವಷ್ಟು ಇಡಿ. ಹಗಲು ಹೆಚ್ಚು, ರಾತ್ರಿ ಕಡಿಮೆ. ಇದರಲ್ಲಿ ತಪ್ಪು–ಸರಿ ಇಲ್ಲ.

3. ಚಿತ್ರದ ಅಳತೆ: ನ್ಯೂಸ್ ಚಾನೆಲ್‌ನ ಕೆಳಗೆ ಓಡುವ ಅಕ್ಷರಗಳು ಅಂಚಿನಲ್ಲಿ ಕತ್ತರಿಸಿದಂತಿದ್ದರೆ ಟಿವಿ ಚಿತ್ರವನ್ನು ಹಿಗ್ಗಿಸುತ್ತಿದೆ ಎಂದರ್ಥ. ‘ಸ್ಕ್ರೀನ್ ಫಿಟ್’, ‘ಜಸ್ಟ್ ಸ್ಕ್ಯಾನ್’ ಅಥವಾ ‘ಒರಿಜಿನಲ್’ ಎಂಬ ಆಯ್ಕೆ ಹಾಕಿ. ಜನ ಗಿಡ್ಡವಾಗಿ, ದಪ್ಪವಾಗಿ ಕಂಡರೆ ಸೆಟ್‌ಟಾಪ್ ಬಾಕ್ಸ್‌ನ ಸೆಟ್ಟಿಂಗ್‌ನಲ್ಲೂ ಅಳತೆ ಪರೀಕ್ಷಿಸಿ.

4. ಕಪ್ಪು: ಮೇಲೆ–ಕೆಳಗೆ ಕಪ್ಪು ಪಟ್ಟಿ ಇರುವ ಸಿನಿಮಾದ ಒಂದು ರಾತ್ರಿ ದೃಶ್ಯವನ್ನು ನಿಲ್ಲಿಸಿ, ಕೋಣೆಯ ದೀಪ ಆರಿಸಿ. ಕಪ್ಪಿನ ನಿಯಂತ್ರಣವನ್ನು ಏರಿಸಿದರೆ ಪಟ್ಟಿ ಬೂದು ಬಣ್ಣಕ್ಕೆ ತಿರುಗುತ್ತದೆ. ತೀರಾ ಇಳಿಸಿದರೆ ಕಪ್ಪು ಕೂದಲಿನ ಎಳೆ, ಕಡು ಬಣ್ಣದ ಬಟ್ಟೆಯ ನೆರಿಗೆ ಮಾಯವಾಗುತ್ತವೆ. ಪಟ್ಟಿಯೂ ಕಪ್ಪಾಗಿದ್ದು ಕೂದಲ ಎಳೆಯೂ ಕಾಣುವ ಜಾಗದಲ್ಲಿ ನಿಲ್ಲಿಸಿ.

5. ಕಾಂಟ್ರಾಸ್ಟ್: ಬಿಳಿ ಪಂಚೆ, ಬಿಳಿ ಶರ್ಟ್ ಅಥವಾ ಮೋಡಗಳಿರುವ ದೃಶ್ಯ ನಿಲ್ಲಿಸಿ. ಮಡಿಕೆಗಳು ಸುಣ್ಣ ಬಳಿದಂತೆ ಒಂದಾಗಿದ್ದರೆ, ಅವು ಬೇರೆ ಬೇರೆಯಾಗಿ ಕಾಣುವವರೆಗೆ ಇಳಿಸಿ.

6. ಶಾರ್ಪ್‌ನೆಸ್: ಅಕ್ಷರಗಳ ಸುತ್ತ ತೆಳು ಬಿಳಿ ಗೆರೆ ಕಂಡರೆ ಇದು ಹೆಚ್ಚಾಗಿದೆ. ಆ ಗೆರೆ ಹೋಗುವವರೆಗೆ ಇಳಿಸಿ. ಶಾರ್ಪ್‌ನೆಸ್ ಹೊಸ ವಿವರವನ್ನೇನೂ ತರುವುದಿಲ್ಲ, ಇರುವ ಅಂಚುಗಳನ್ನು ದಪ್ಪ ಮಾಡುತ್ತದೆ ಅಷ್ಟೇ.

7. ಕಲರ್, ಟಿಂಟ್: ಸಿನಿಮಾ ಮೋಡ್‌ನಲ್ಲಿ ಇದ್ದಂತೆಯೇ ಬಿಡಿ. ಇವನ್ನು ಬರಿಗಣ್ಣಿನಿಂದ ಸರಿ ಮಾಡಲು ಹೋದರೆ ಕೆಡುವುದೇ ಹೆಚ್ಚು.

8. ಡೈನಾಮಿಕ್ ಕಾಂಟ್ರಾಸ್ಟ್‌ನಂಥ ‘ಎನ್‌ಹಾನ್ಸರ್’ಗಳು: ಆಫ್ ಮಾಡಿ ನೋಡಿ. ದೃಶ್ಯ ಬದಲಾದಾಗೆಲ್ಲ ಬೆಳಕು ಏರಿಳಿಯುವುದು ನಿಲ್ಲುತ್ತದೆ.

ಒಂದು ಎಚ್ಚರಿಕೆ: ಹಲವು ಟಿವಿಗಳು ಪ್ರತಿ ಎಚ್‌ಡಿಎಂಐ ಇನ್‌ಪುಟ್‌ಗೂ ಬೇರೆ ಬೇರೆ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತವೆ. ಒಟಿಟಿ ಆ್ಯಪ್‌ನಲ್ಲಿ ಸರಿ ಮಾಡಿದ್ದು ಸೆಟ್‌ಟಾಪ್ ಬಾಕ್ಸ್‌ಗೆ ಅನ್ವಯಿಸದೇ ಇರಬಹುದು. ಎಚ್‌ಡಿಆರ್ ವಿಡಿಯೊ ಶುರುವಾದಾಗ ಬರುವ ಸೆಟ್ಟಿಂಗ್‌ಗಳೂ ಬೇರೆಯೇ.

ಇದಕ್ಕಿಂತ ನಿಖರವಾಗಿ ಮಾಡಬೇಕೆಂದರೆ ಬಣ್ಣ ಅಳೆಯುವ ಉಪಕರಣ ಬೇಕು. ತರಬೇತಿ ಪಡೆದವರು ಅದನ್ನು ಪರದೆಯ ಎದುರಿಟ್ಟು, ನಿಮ್ಮದೇ ಟಿವಿಯನ್ನು, ನಿಮ್ಮದೇ ಕೋಣೆಯಲ್ಲಿ ಅಳೆದು ಹೊಂದಿಸುತ್ತಾರೆ. ಅವರೂ ನಂಬರ್‌ಗಳ ಪಟ್ಟಿ ಹಿಡಿದು ಬರುವುದಿಲ್ಲ. ಸಾಮಾನ್ಯ ಬಜೆಟ್ ಟಿವಿಗೆ ಆ ಖರ್ಚು ಬೇಕಾಗುವುದಿಲ್ಲ.

ಸಿನಿಮಾ ಯಾಕೆ ಸೀರಿಯಲ್ ಥರ ಕಾಣುತ್ತದೆ?

ದೊಡ್ಡ ಬಜೆಟ್‌ನ ಸಿನಿಮಾ ಕೂಡ ಹೊಸ ಟಿವಿಯಲ್ಲಿ ಸ್ಟುಡಿಯೋದಲ್ಲಿ ತೆಗೆದ ಧಾರಾವಾಹಿಯಂತೆ ನುಣುಪಾಗಿ ಕಂಡರೆ, ಅದಕ್ಕೆ ಕಾರಣ ‘ಮೋಷನ್ ಸ್ಮೂದಿಂಗ್’. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳಿರುತ್ತವೆ. ಟಿವಿ ಎರಡು ಚಿತ್ರಗಳ ನಡುವೆ ತಾನೇ ಊಹಿಸಿ ಹೊಸ ಚಿತ್ರಗಳನ್ನು ಸೇರಿಸುತ್ತದೆ. ಕ್ರಿಕೆಟ್ ಚೆಂಡಿನ ಹಿಂದೆ ಓಡುವ ಕಣ್ಣಿಗೆ ಇದು ಹಿತವೆನಿಸಬಹುದು. ಸಿನಿಮಾಗೆ ಹೊಂದುವುದಿಲ್ಲ ಎಂಬುದು ಹಲವು ನಿರ್ದೇಶಕರ ದೂರು.

2018ರ ಡಿಸೆಂಬರ್‌ನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೊಫರ್ ಮೆಕ್ವಾರಿ ಇದನ್ನು ಆಫ್ ಮಾಡಿ ಎಂದು ಕೇಳಿಕೊಂಡು ಒಂದು ವಿಡಿಯೊವನ್ನೇ ಹಾಕಿದ್ದರು. 2019ರಲ್ಲಿ ಯುಎಚ್‌ಡಿ ಅಲಯನ್ಸ್ ಎಂಬ ಉದ್ಯಮ ಒಕ್ಕೂಟ ‘ಫಿಲ್ಮ್‌ಮೇಕರ್ ಮೋಡ್’ ಪ್ರಕಟಿಸಿತು. ಅದನ್ನು ಒತ್ತಿದರೆ ಈ ಸ್ಮೂದಿಂಗ್, ಶಾರ್ಪನಿಂಗ್ ಎಲ್ಲ ಒಟ್ಟಿಗೆ ಆಫ್ ಆಗುತ್ತವೆ.

ಎಲ್ಲ ತಪ್ಪೂ ಸೆಟ್ಟಿಂಗ್‌ನದ್ದಲ್ಲ

2019ರ ಏಪ್ರಿಲ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ‘ದಿ ಲಾಂಗ್ ನೈಟ್’ ಕಂತು ಬಂದಾಗ “ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ” ಎಂದು ವೀಕ್ಷಕರು ದೂರಿದ್ದರು. ಜನರಿಗೆ ತಮ್ಮ ಟಿವಿಯನ್ನು ಸರಿಯಾಗಿ ಹೊಂದಿಸಿಕೊಳ್ಳಲು ಬರುವುದಿಲ್ಲ ಎಂಬರ್ಥದ ಮಾತನ್ನು ಅದರ ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಆಡಿದರು. ಆ ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಲ್ಲ. ಇಂಟರ್ನೆಟ್ ನಿಧಾನವಿದ್ದಾಗ ಸ್ಟ್ರೀಮಿಂಗ್ ಆ್ಯಪ್‌ಗಳು ವಿಡಿಯೊವನ್ನು ಹೆಚ್ಚು ಹಿಂಡಿ ಕಳಿಸುತ್ತವೆ. ಆಗ ಮೊದಲು ಕಳೆದುಹೋಗುವುದು ಕತ್ತಲಿನ ವಿವರಗಳೇ. ಕಪ್ಪು ಭಾಗದಲ್ಲಿ ಚೌಕ ಚೌಕವಾಗಿ ಕಾಣುವುದು ಇದರ ಗುರುತು.

ಎಚ್‌ಡಿಆರ್ ಕೂಡ ಅಷ್ಟೇ. ಅದರ ಒಂದು ಮುಖ್ಯ ಮಾನದಂಡ 10,000 ನಿಟ್ಸ್‌ವರೆಗಿನ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಡಿಮೆ ಬೆಲೆಯ ಟಿವಿಯ ಡಬ್ಬಿ ಮೇಲೆ ಎಚ್‌ಡಿಆರ್ ಎಂದಿದ್ದರೆ, ಆ ಸಂಕೇತವನ್ನು ಅದು ಓದಬಲ್ಲದು ಎಂದಷ್ಟೇ ಅರ್ಥವಿರಬಹುದು. ಪರದೆಗೆ ಅಷ್ಟು ಬೆಳಕು ಕೊಡುವ ಶಕ್ತಿ ಇಲ್ಲದಿದ್ದರೆ ಎಚ್‌ಡಿಆರ್ ಚಿತ್ರ ಮಂಕಾಗಿಯೇ ಕಾಣುತ್ತದೆ. ಯಾವ ನಂಬರ್ ಹಾಕಿದರೂ ಪ್ಯಾನೆಲ್‌ನಲ್ಲಿ ಇಲ್ಲದ ಬೆಳಕು ಹುಟ್ಟುವುದಿಲ್ಲ.

ಟಿವಿ ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆಯೇ?

ಸೆಟ್ಟಿಂಗ್ ಫಾರ್ವರ್ಡ್‌ಗಳ ಜೊತೆಗೇ ಬರುವ ಇನ್ನೊಂದು ಭಯ ಇದು. ಈ ನಂಬಿಕೆಗೆ ಬಲ ತುಂಬಿದ ಒಂದು ನಿಜ ಘಟನೆಯೂ ಇದೆ. 1967ರಲ್ಲಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ಕಲರ್ ಟಿವಿಗಳಿಂದ ಮಿತಿ ಮೀರಿದ ಎಕ್ಸ್‌ರೇ ಹೊರಬರುತ್ತಿದ್ದುದು ಪತ್ತೆಯಾಗಿ, ಅವನ್ನು ಸರಿಪಡಿಸಬೇಕಾಯಿತು. ದೂರ ಕೂತು ನೋಡಿ ಎಂಬ ಸಲಹೆ ಆಗ ಜೋರಾಗಿ ಹರಡಿತು. ಅವು ಹೆಚ್ಚು ವೋಲ್ಟೇಜ್‌ನ ಪಿಕ್ಚರ್ ಟ್ಯೂಬ್ ಇದ್ದ ಡಬ್ಬಾ ಟಿವಿಗಳು. ಇಂದಿನ ಎಲ್‌ಇಡಿ, ಒಎಲ್‌ಇಡಿ ಟಿವಿಗಳಲ್ಲಿ ಆ ಟ್ಯೂಬೇ ಇಲ್ಲ, ಎಕ್ಸ್‌ರೇಯೂ ಇಲ್ಲ.

ಹತ್ತಿರದಿಂದ ನೋಡಿದರೆ ಕಣ್ಣು ದಣಿಯಬಹುದು, ತಲೆನೋವು ಬರಬಹುದು, ಆದರೆ ದೃಷ್ಟಿಗೆ ಶಾಶ್ವತ ಹಾನಿಯಾಗುವುದಿಲ್ಲ ಎಂಬುದು ಅಮೆರಿಕನ್ ಅಕಾಡೆಮಿ ಆಫ್ ಆಫ್ತಾಲ್ಮಾಲಜಿಯ ನಿಲುವು. ಹಾಗಂತ ಮಗು ಪದೇ ಪದೇ ಟಿವಿಗೆ ಅಂಟಿಕೊಂಡು ಕೂತರೆ ನಿರ್ಲಕ್ಷಿಸಬೇಡಿ. ದೂರದ್ದು ಸರಿಯಾಗಿ ಕಾಣದೆ ಹಾಗೆ ಕೂರುತ್ತಿರಬಹುದು. ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ. ಕತ್ತಲ ಕೋಣೆಯಲ್ಲಿ ಝಗಮಗ ಪರದೆ ನೋಡುವುದು ಕಣ್ಣಿಗೆ ಆಯಾಸ. ಬ್ಯಾಕ್‌ಲೈಟ್ ಇಳಿಸಿ, ಟಿವಿಯ ಹಿಂದೆ ಒಂದು ಸಣ್ಣ ದೀಪ ಹಚ್ಚಿಟ್ಟರೆ ಆರಾಮ.

ನಿಜವಾದ ಅಪಾಯ ಎಲ್ಲಿದೆ?

ಮೊದಲನೆಯದು ‘ರಹಸ್ಯ ಕೋಡ್’. ಇವು ತೆರೆಯುವುದು ಸರ್ವಿಸ್ ಮೆನುವನ್ನು. ಅದು ತಂತ್ರಜ್ಞರಿಗಾಗಿ ಇರುವುದು. ಅಲ್ಲಿ ಪ್ಯಾನೆಲ್‌ನ ಬಗೆಯಂಥ ಮೂಲ ಮಾಹಿತಿಗಳೇ ಇರುತ್ತವೆ. ಒಂದನ್ನು ತಪ್ಪಾಗಿ ಬದಲಿಸಿದರೆ ಚಿತ್ರ ತಲೆಕೆಳಗಾಗಬಹುದು, ಬಣ್ಣ ಕೆಡಬಹುದು, ಪರದೆ ಪೂರ್ತಿ ಕಪ್ಪಾಗಿ ಮೆನುವೇ ಕಾಣದಂತಾಗಬಹುದು. ಮಾಮೂಲಿ ರೀಸೆಟ್‌ನಿಂದ ಇದು ಸರಿಹೋಗದೇ ಇರಬಹುದು.

ಎರಡನೆಯದು, ‘ಪಿಕ್ಚರ್ ಬೂಸ್ಟರ್’ ಎಂದು ಲಿಂಕ್ ಮೂಲಕ ಬರುವ ಆ್ಯಪ್ ಫೈಲ್‌ಗಳು. ಸ್ಮಾರ್ಟ್ ಟಿವಿ ಕೂಡ ಇಂಟರ್ನೆಟ್‌ಗೆ ಜೋಡಿಸಿದ ಕಂಪ್ಯೂಟರೇ. ಗೊತ್ತಿಲ್ಲದ ಮೂಲದ ಆ್ಯಪ್ ಅನ್ನು ಫೋನಿಗೆ ಹಾಕದವರು ಟಿವಿಗೂ ಹಾಕಬಾರದು.

ಮೂರನೆಯದು ಒಎಲ್‌ಇಡಿ ಟಿವಿ ಇರುವವರಿಗೆ. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲುವ ಚಾನೆಲ್ ಲೋಗೊ, ಬ್ರೇಕಿಂಗ್ ನ್ಯೂಸ್ ಪಟ್ಟಿ ಪರದೆಯ ಮೇಲೆ ಅಚ್ಚಿನಂತೆ ಉಳಿದುಬಿಡಬಹುದು. 2018ರಲ್ಲಿ ಶುರುವಾದ ಆರ್‌ಟಿಂಗ್ಸ್ ಸಂಸ್ಥೆಯ ಪರೀಕ್ಷೆಯಲ್ಲಿ ಆರು ಒಎಲ್‌ಇಡಿ ಟಿವಿಗಳನ್ನು ದಿನಕ್ಕೆ 20 ಗಂಟೆ ಓಡಿಸಲಾಯಿತು. ಸಿಎನ್‌ಎನ್ ಚಾನೆಲ್ ಹಾಕಿದ್ದ ಎರಡು ಟಿವಿಗಳಲ್ಲಿ, ಬೆಳಕನ್ನು ಪೂರ್ತಿ ಏರಿಸಿದ್ದರಲ್ಲಿ ಈ ಅಚ್ಚು ಬೇಗ ಮೂಡಿತು. ದಿನವಿಡೀ ನ್ಯೂಸ್ ಓಡುವ ಮನೆಗಳಲ್ಲಿ ‘ಎಲ್ಲವನ್ನೂ 100ಕ್ಕೆ ಇಡಿ’ ಎಂಬ ಸಲಹೆ ದುಬಾರಿಯಾಗಬಹುದು.

ಹಾಗಾದರೆ ಗ್ರೂಪ್‌ಗೆ ಏನು ಕಳಿಸಬೇಕು?

ಇಂಥ ಪಟ್ಟಿ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಯಾವ ಕಂಪನಿಯ ಯಾವ ಮಾಡೆಲ್‌ಗೆ? ಯಾವ ಪಿಕ್ಚರ್ ಮೋಡ್‌ನಲ್ಲಿ? ಹಗಲಿಗೋ ರಾತ್ರಿಗೋ? ಉತ್ತರ ಇಲ್ಲದಿದ್ದರೆ ಅದನ್ನು ಮುಂದೆ ಕಳಿಸುವುದರಿಂದ ಯಾರಿಗೂ ಉಪಯೋಗವಿಲ್ಲ. ರಿಮೋಟ್ ಕೋಡ್ ಇರುವ ಮೆಸೇಜ್ ಆದರೆ, ಅದನ್ನು ಒತ್ತಬೇಡಿ ಎಂದು ಅದೇ ಗ್ರೂಪ್‌ನಲ್ಲಿ ಬರೆಯಿರಿ. ಊರಲ್ಲಿ ಒಬ್ಬರೇ ಇರುವ ಹಿರಿಯರ ಟಿವಿ ಕೆಟ್ಟರೆ ಸರಿ ಮಾಡಿಸಲು ಅವರು ಎಷ್ಟು ಓಡಾಡಬೇಕಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಅದರ ಬದಲು ಕಳಿಸಬಹುದಾದದ್ದು ಇಷ್ಟು: ‘ಹೋಮ್’ ಮೋಡ್ ಇದೆಯೇ ನೋಡಿ, ಪಿಕ್ಚರ್ ಮೋಡ್‌ನಲ್ಲಿ ‘ಮೂವಿ’ ಹಾಕಿ, ಬ್ಯಾಕ್‌ಲೈಟನ್ನು ಕೋಣೆಗೆ ತಕ್ಕಂತೆ ಇಡಿ, ಮೂರ್ನಾಲ್ಕು ದಿನ ಹಾಗೇ ನೋಡಿ. ಇದರಲ್ಲಿ ಒಂದೂ ನಂಬರ್ ಇಲ್ಲ, ಹಾಗಾಗಿ ಯಾವ ಕಂಪನಿಯ ಟಿವಿ ಇದ್ದವರಿಗೂ ಕಳಿಸಬಹುದು.